ಹಲಸಿನ ಮರದ ಸಾಕ್ಷಿ

ನಮ್ಮ ಸಭೆಯಲ್ಲಿ ಒಂದು ತಮಾಷೆ ಇದೆ. ಮೀಸೆ ಇನ್ನೂ ನೆಟ್ಟಗೆ ಮೂಡದ ಹತ್ತೊಂಬತ್ತು ಇಪ್ಪತ್ತರ ಹುಡುಗರು ಬಿಳಿ ಅಂಗಿ, ಟೈ ಹಾಕಿಕೊಂಡು ಊರೂರು ಸುತ್ತಿ ಧರ್ಮದ ಮಾತು ಹೇಳುತ್ತಾರೆ. ಅವರಿಗೆ ನಾವು 'ಎಲ್ಡರ್' ಅನ್ನುತ್ತೇವೆ, ಅಂದರೆ ಹಿರಿಯರು. ಎಪ್ಪತ್ತಾರು ವರ್ಷದ, ಬಾಯಲ್ಲಿ ಒಂಬತ್ತು ಹಲ್ಲು ಉಳಿದ ಮುದುಕರಿಗೆ ಮಾತ್ರ 'ಬ್ರದರ್'. ಅಂಥವರೊಬ್ಬರು ಅರವತ್ತರಲ್ಲಿ ನಮ್ಮ ಸಭೆಗೆ ಬಂದಾಗಲೇ, ಅವರನ್ನು ಬರೀ ಬ್ರದರ್ ಅನ್ನಲು ನನಗೆ ನಾಲಿಗೆ ಹೊರಳಲಿಲ್ಲ. 'ಬ್ರದರ್ ಕಾಕಾ' ಎಂದೆ. ಒಂದೇ ತಿಂಗಳಲ್ಲಿ ಇಡೀ ಸಭೆಗೆ ಅವರು ಬ್ರದರ್ ಕಾಕಾ ಆದರು.

ನಾವು ಮಾರ್ಮನ್ನರು. ಬೆಳಗಾವಿಯಲ್ಲಿ ಹೀಗೆಂದರೆ ಹತ್ತರಲ್ಲಿ ಒಂಬತ್ತು ಮಂದಿ ಅಂದರೇನು ಅಂತ ಕೇಳುತ್ತಾರೆ. ಉಳಿದ ಒಬ್ಬರು ಚಹಾ ಕುಡಿಯುವುದಿಲ್ಲವಂತೆ ಹೌದೇ ಅಂತ ಕನಿಕರದಿಂದ ನೋಡುತ್ತಾರೆ. ಹೌದು, ಚಹಾ ಇಲ್ಲ, ಕಾಫಿ ಇಲ್ಲ. ಕ್ರಿಸ್ತನನ್ನು ನಂಬುವವರೇ, ಆದರೆ ಸಂಬಳದ ಪಾದ್ರಿ ಇಲ್ಲ. ನಮ್ಮ ಸಭೆಗೆ 'ಬ್ರಾಂಚ್' ಎಂದು ಹೆಸರು. ರವಿವಾರ ಬ್ರಾಂಚಿಗೆ ಹೋಗಬೇಕು ಎಂದು ನಾನು ಅಂಗಡಿ ಮುಚ್ಚಿದರೆ, ಗಿರಾಕಿಗಳು ಯಾವ ಬ್ಯಾಂಕಿನಲ್ಲಿ ರವಿವಾರ ಕೆಲಸ ನಡೆಯುತ್ತದೆ ಎಂದು ವಿಚಾರಿಸುತ್ತಾರೆ. ಬಾಡಿಗೆ ಮನೆಯ ಮಹಡಿಯಲ್ಲಿ ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು, ಒಂದು ಕೀಬೋರ್ಡು. ಸಭೆ ನಡೆಸುವ ಅಧ್ಯಕ್ಷರು ಉಳಿದ ಆರು ದಿನ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವವರು.

ನನ್ನ ಅಂಗಡಿ ವಡಗಾವಿಯ ಗಲ್ಲಿಯಲ್ಲಿದೆ. ಜಂಪರ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಆಚೆಗೆ ಈಚೆಗೆ ಮಗ್ಗದ ಸಪ್ಪಳ. ಅದರ ಮೇಲೆ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದಾಗಿದೆ. ತೋಳು ಬಿಗಿ ಮಾಡಿಸಿಕೊಂಡು ಹೋಗಿ, ಆಮೇಲೆ ಬಿಗಿಯಾಯಿತು ಎಂದು ಜಗಳಕ್ಕೆ ಬರುವವರನ್ನು ನಾನು ಬಿಟ್ಟವಳಲ್ಲ. ನನ್ನ ಕತ್ತರಿಗಿಂತ ಬಾಯಿ ಚೂಪು ಅಂತ ಓಣಿಯೆಲ್ಲ ಹೇಳುತ್ತದೆ, ಹೇಳಲಿ. ಆದರೆ ಹತ್ತು ಜನರ ಎದುರು ಎದ್ದು ನಿಂತು ಮಾತಾಡು ಎಂದರೆ ಮುಗಿಯಿತು. ನಾಲಿಗೆ ಅಂಗುಳಕ್ಕೆ ಅಂಟಿಬಿಡುತ್ತದೆ.

ಇದಕ್ಕೆ ಕಾರಣ ಒಂದು ಹಲಸಿನ ಮರ. ನನ್ನ ತವರು ಖಾನಾಪುರದ ಹತ್ತಿರದ ಹಳ್ಳಿ. ಹಿತ್ತಲಿನ ಬೇಲಿಯ ಮೇಲೆ, ಅತ್ತ ನಮ್ಮದೂ ಅಲ್ಲ ಇತ್ತ ನೆರೆಯವರದೂ ಅಲ್ಲ ಎನ್ನುವಂತೆ ಆ ಮರ ಬೆಳೆದಿತ್ತು. ಒಂದು ಬೇಸಿಗೆ ಹಣ್ಣು ಹೆಚ್ಚು ಬಿಟ್ಟಿತು, ಜಗಳ ಹತ್ತಿತು, ಖಾನಾಪುರದ ಕೋರ್ಟಿಗೆ ಹೋಯಿತು. ನೆರೆಯವರು ಬೇಲಿ ಸರಿಸಿದ್ದನ್ನು ಕಣ್ಣಾರೆ ನೋಡಿದವಳು ನಾನೊಬ್ಬಳೇ. ಆಗ ನನಗೆ ಇಪ್ಪತ್ತು. ಅಪ್ಪ ಹೊಸ ಸೀರೆ ಉಡಿಸಿ ಕರೆದುಕೊಂಡು ಹೋದ. ಕೋರ್ಟಿನ ಬಾಗಿಲಲ್ಲಿ ಕೆಂಪು ಪಟ್ಟಿ ಹಾಕಿದ ಸಿಪಾಯಿಯೊಬ್ಬ ನಿಂತಿದ್ದ. ಗಂಟಲು ಸರಿಮಾಡಿಕೊಂಡು ನನ್ನ ಹೆಸರು, ಅಪ್ಪನ ಹೆಸರು ಸೇರಿಸಿ ಮೂರು ಸಲ ಕೂಗಿದ. ಅದೆಂಥ ದನಿ ಅಂತೀರಿ! ಆಚೆ ರಸ್ತೆಯಲ್ಲಿ ಹೋಗುತ್ತಿದ್ದ ಎತ್ತು ಕೂಡ ನಿಂತಿತು. ನಾನು ಒಳಗೆ ಹೋದೆ. ಸಾಹೇಬರು ಕೇಳಿದರು, ವಕೀಲರು ಕೇಳಿದರು, ಅಪ್ಪ ಕಣ್ಣಲ್ಲೇ ಬೇಡಿಕೊಂಡ. ನಾನು ನನ್ನ ಹೆಬ್ಬೆರಳು ನೋಡುತ್ತ ನಿಂತೆ. ಒಂದು ಅಕ್ಷರ ಹೊರಡಲಿಲ್ಲ.

ಹೊರಗೆ ಬಂದಾಗ ಅದೇ ಸಿಪಾಯಿ ಹಿತ್ತಾಳೆ ಲೋಟದಲ್ಲಿ ನೀರು ಕೊಟ್ಟ. ಇರಲಿ, ಮುಂದಿನ ಸಲ ಹೇಳುವೆಯಂತೆ ಅಂದ. ಮುಂದಿನ ಸಲ ಎಲ್ಲಿಂದ ಬರಬೇಕು? ಮರ ನೆರೆಯವರ ಪಾಲಾಯಿತು. ಅವರು ಒಳ್ಳೆಯವರೇ, ಗೆದ್ದ ಖುಷಿಗೆ ಪ್ರತಿ ಬೇಸಿಗೆ ಅರ್ಧ ಹಣ್ಣು ನಮ್ಮ ಮನೆಗೇ ಕಳಿಸಿದರು. ಅಪ್ಪ ಅದನ್ನು ತಿಂದೂ ತಿಂದೂ ನನ್ನನ್ನು ಬೈಯುತ್ತಿದ್ದ. ಬೀಗರು ನೆಂಟರು ನನಗೆ ಮೂಕಸಾಕ್ಷಿ ಎಂದು ಹೆಸರಿಟ್ಟರು. ಮದುವೆಯಾಗಿ ವಡಗಾವಿಗೆ ಬಂದರೂ ಆ ಹೆಸರು ಬೆನ್ನು ಬಿಡಲಿಲ್ಲ.

ಬ್ರಾಂಚಿಗೆ ನಾನು ಹೋಗಲು ಶುರುಮಾಡಿ ಒಂದೆರಡು ವರ್ಷವಾಗಿತ್ತು. ಒಂದು ರವಿವಾರ ಮೆಟ್ಟಿಲ ಮೇಲೆ ಯಾರೋ ಗಂಟಲು ಸರಿಮಾಡಿಕೊಂಡ ಸಪ್ಪಳ ಕೇಳಿತು. ನನ್ನ ಕೈಯಲ್ಲಿದ್ದ ಹಾಡಿನ ಪುಸ್ತಕ ಕೆಳಗೆ ಬಿತ್ತು. ಮುಖ ಮರೆಯಬಹುದು, ಆ ಗಂಟಲು ಹೇಗೆ ಮರೆಯಲಿ? ಬಿಳಿ ಅಂಗಿ ಹಾಕಿದ, ನಿವೃತ್ತರಾದ ಸಿಪಾಯಿ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೆಸರು ನೆನಪಿರಲಿಲ್ಲ ಅವರಿಗೆ. ಕೇಸು ನೆನಪಿತ್ತು.

"ಹಲಸಿನ ಮರ ಅಲ್ಲೇನವಾ ನೀ?" ಅಂದರು.

ಅಂದಿನಿಂದ ಬ್ರದರ್ ಕಾಕಾ ಬಾಯಲ್ಲಿ ನಾನು ಹಲಸಿನ ಮರ.

ಅವರು ನಮ್ಮಲ್ಲಿಗೆ ಬಂದ ಬಗೆಯನ್ನು ನನಗೆ ನೂರು ಸಲ ಹೇಳಿದ್ದಾರೆ. ನೂರು ಸಲವೂ ಒಂದೇ ಥರ. ನಿವೃತ್ತಿಯಾದ ವರ್ಷ ಕಣ್ಣು ತೋರಿಸಲು ಬೆಳಗಾವಿಗೆ ಬಂದಿದ್ದಾಗ ಅನಗೋಳದ ಗಲ್ಲಿಯಲ್ಲಿ ಇಬ್ಬರು ಟೈ ಹಾಕಿದ ಹುಡುಗರು ವಿಳಾಸ ತಪ್ಪಿ ಸುತ್ತುತ್ತಿದ್ದರು. ಸಮನ್ಸ್ ಹಿಡಿದು ಮನೆ ಹುಡುಕಿದ ಅಭ್ಯಾಸ ಇವರದು. ಚೀಟಿ ಕಸಿದುಕೊಂಡು ಸೀದಾ ಬಾಗಿಲಿಗೆ ಮುಟ್ಟಿಸಿದರು. ಹುಡುಗರು ತಮ್ಮನ್ನು ಹಿರಿಯರು ಎಂದು ಪರಿಚಯಿಸಿಕೊಂಡದ್ದಕ್ಕೆ ಬಿದ್ದು ಬಿದ್ದು ನಕ್ಕರು. ಮುಂದಿನ ರವಿವಾರ, ಈ ಹಾಲು ಹಲ್ಲಿನ ಹಿರಿಯರು ಏನು ಮಾಡುತ್ತಾರೆ ನೋಡೋಣ ಅಂತ ಸಭೆಗೆ ಬಂದು, ಅಭ್ಯಾಸಬಲದಿಂದ ಬಾಗಿಲ ಪಕ್ಕ ಗೋಡೆಗೆ ಸೇರಿ ನಿಂತರು. ಅಧ್ಯಕ್ಷರು ಎದ್ದು ಬಂದು ಕೈಹಿಡಿದು, ಬರ್ರಿ, ಕುಂದರ್ರಿ ಅಂದರು.

"ಮೂವತ್ನಾಕ ವರ್ಷ ಒಂದ ಬಾಗಲದಾಗ ನಿಂತೇನಿ. ತುಂಬಿದ ಸಭಾದಾಗ ನನಗ ಕುಂದರ್ರಿ ಅಂದಾವ್ರೊಳಗ ಇವರ ಮೊದಲ್ನೇದವ್ರು," ಎನ್ನುತ್ತಿದ್ದರು. ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅವರ ಪಾಲಿಗೆ ಅದೇ ದೊಡ್ಡ ಪವಾಡ.

ಅವರ ಹೆಂಡತಿ, ನಾವೆಲ್ಲ ಕಾಕು ಅನ್ನುವವರು, ಬಸವಣ್ಣನ ದಾರಿಯನ್ನು ಬಿಡಲಿಲ್ಲ. ಇವರೂ ಬಿಡು ಅನ್ನಲಿಲ್ಲ. ನಿಮ್ಮ ಕೊರಳಲ್ಲಿ ಟೈ, ನನ್ನ ಕೊರಳಲ್ಲಿ ಲಿಂಗ, ಇಬ್ಬರದೂ ಎದೆಯ ಮೇಲೇ ಇದೆಯಲ್ಲ ಎಂದು ಕಾಕು ನಗುತ್ತಿದ್ದರು. ಕಾಕುಗೆ ಬೇಸರವಾಗಿದ್ದು ಒಂದೇ ವಿಷಯಕ್ಕೆ: ದಿನಕ್ಕೆ ಹತ್ತು ಸಲ ಚಹಾ ಕುಡಿಯುತ್ತಿದ್ದ ಗಂಡ ಏಕಾಏಕಿ ಬಿಟ್ಟುಬಿಟ್ಟರೆ ಮನೆಗೆ ಬಂದವರ ಮುಂದೆ ಏನಿಡುವುದು? ಕೊನೆಗೆ ಕೊತ್ತಂಬರಿ, ಜೀರಿಗೆ, ಶುಂಠಿ, ಬೆಲ್ಲ ಹಾಕಿ ಕಷಾಯ ಕುದಿಸಿದರು. ಅದು ಎಷ್ಟು ಚೆನ್ನಾಗಿತ್ತೆಂದರೆ ಖಾನಾಪುರದಲ್ಲಿ ಅವರ ಓಣಿಯ ಅರ್ಧ ಮನೆಗಳು ಧರ್ಮ ಬದಲಿಸದೆ ಚಹಾ ಬದಲಿಸಿದವು.

ಇನ್ನು ಸಾಕ್ಷಿಯ ಮಾತು. ತಿಂಗಳ ಮೊದಲ ರವಿವಾರ ನಾವು ಉಪವಾಸವಿದ್ದು ಸೇರುತ್ತೇವೆ. ಅಂದು ಭಾಷಣ ಇರುವುದಿಲ್ಲ. ಮನಸ್ಸು ಬಂದವರು ತಾವೇ ಎದ್ದು ಮುಂದೆ ಹೋಗಿ ತಮ್ಮ ನಂಬಿಕೆ ಏನೆಂದು ಹೇಳಬೇಕು. ಅದಕ್ಕೆ ನಾವು 'ಸಾಕ್ಷಿ ಹೇಳುವುದು' ಎನ್ನುತ್ತೇವೆ. ಯಾವ ಪುಣ್ಯಾತ್ಮ ಈ ಹೆಸರು ಇಟ್ಟನೋ! ಬೇರೆ ಯಾವ ಪದ ಇಟ್ಟಿದ್ದರೂ ನಾನು ಎದ್ದುಬಿಡುತ್ತಿದ್ದೆನೇನೋ. ಸಾಕ್ಷಿ ಎಂದ ಕೂಡಲೇ ನನಗೆ ಖಾನಾಪುರದ ಆ ಕಟಕಟೆ, ನನ್ನ ಹೆಬ್ಬೆರಳು ಕಾಣುತ್ತಿದ್ದವು. ಹದಿನೆಂಟು ವರ್ಷ ಬ್ರಾಂಚಿಗೆ ಹೋದೆ, ಒಂದು ಸಲವೂ ಏಳಲಿಲ್ಲ.

ಬ್ರದರ್ ಕಾಕಾ ಕೊನೆಯ ಸಾಲಿನ ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ಯಾರೂ ಏಳದೆ ಬಹಳ ಹೊತ್ತು ಸುಮ್ಮನಿದ್ದರೆ ಹಿಂದಿನಿಂದ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟೇ. ಮುಂದೆ ಹೆಸರು ಕೂಗಿಬಿಟ್ಟಾರು ಎಂಬ ಹೆದರಿಕೆಗೆ ಯಾರಾದರೊಬ್ಬರು ದಡಬಡಿಸಿ ಏಳುತ್ತಿದ್ದರು. ಸಭೆ ಮುಗಿದ ಮೇಲೆ ಖಾನಾಪುರದ ಬಸ್ಸಿಗೆ ಹೊತ್ತಿದ್ದರೆ ನನ್ನ ಜೊತೆ ವಡಗಾವಿಗೆ ಬಂದು, ಅಂಗಡಿಯ ಸ್ಟೂಲಿನ ಮೇಲೆ ಕೂತು ಕಷಾಯ ಕುಡಿಯುತ್ತಿದ್ದರು. ನಿನ್ನ ಸಾಕ್ಷಿ ಇನ್ನೂ ಬಾಕಿ ಐತಿ ನೋಡು ಎಂದು ನೆನಪಿಸುವುದು ತಪ್ಪುತ್ತಿರಲಿಲ್ಲ. ನಾನು ಸಿಟ್ಟಿಗೆದ್ದು, ಕೋರ್ಟಿನ ಕೇಸಿಗಿಂತ ನಿಮ್ಮದೇ ಉದ್ದವಾಯಿತು ಎಂದು ರೇಗುತ್ತಿದ್ದೆ. ಅವರಿಗೆ ನನ್ನ ಸಿಟ್ಟೆಂದರೆ ಕಷಾಯದ ಜೊತೆಯ ಚೂಡಾ ಇದ್ದ ಹಾಗೆ.

ಹೋದ ಮಳೆಗಾಲದ ಒಂದು ರವಿವಾರ ಹೀಗೇ ಕೂತಿದ್ದಾಗ, ಯಾವ ಪೀಠಿಕೆಯೂ ಇಲ್ಲದೆ ಹೇಳಿದರು:

"ಹಲಸಿನ ಮರ, ನಾ ಸತ್ತಮ್ಯಾಲೆ ನನ್ನ ಮಲಗಸಬ್ಯಾಡ್ರಿ. ನಮ್ಮ ಮಂದಿ ಕುಂದರಿಸಿ ಮಣ್ಣು ಕೊಡ್ತಾರಲ್ಲ, ಹಂಗ ಕುಂದರಸ್ರಿ. ಹಾಡು, ಪ್ರಾರ್ಥನಾ ಎಲ್ಲಾ ನಮ್ಮ ಬ್ರಾಂಚಿಂದ ಇರಲಿ. ಜನುಮಾ ಪೂರ್ತಿ ಸಾಹೇಬ್ರ ಮುಂದ ನಿಂತೇನಿ. ಆ ದೊಡ್ಡ ಸಾಹೇಬನ ಮುಂದರೆ ಕುಂತ ಮಾತಾಡ್ತೀನಿ."

ನಾನು ಜಂಪರಿಗೆ ಗುಂಡಿಯ ಕಾಜಾ ಹಾಕುತ್ತಿದ್ದೆ. ಅಂಥ ಮಾತು ಬಾಯಿಂದ ತೆಗೆಯಬೇಡಿ ಎಂದು ಗದರಿ, ಬೇಕಾದರೆ ಕಾಗದದ ಮೇಲೆ ಬರೆದುಕೊಡಿ ಅಂದೆ.

"ಬರಿಯೂದ್ಯಾಕ? ನೀ ಅದಿ ಅಲಾ ಸಾಕ್ಷಿ."

ನಾನು ಮೂಕಸಾಕ್ಷಿ ಎಂಬುದು ನಿಮಗೆ ಗೊತ್ತಿಲ್ಲವೇ ಅಂದೆ. ಅವರು ಲೋಟ ಕೆಳಗಿಟ್ಟು, ಮೂರು ಸಲ ಕೂಗಿದರೆ ಬಂದೇ ಬರುತ್ತೀ ಎಂದು ನಕ್ಕು ಬಸ್ಸಿಗೆ ಹೊರಟರು.

ಮಳೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ, ಒಂದು ಶನಿವಾರ ಮುಂಜಾನೆ, ಸ್ನಾನ ಮುಗಿಸಿ ಉಪ್ಪಿಟ್ಟಿಗೆ ಕಾಯುತ್ತ ಕುರ್ಚಿಯಲ್ಲೇ ಹೋದರು. ಕಾಕು ತಟ್ಟೆ ತರುವಷ್ಟರಲ್ಲಿ ತಲೆ ವಾಲಿತ್ತಂತೆ. ಅಧ್ಯಕ್ಷರ ಫೋನು ಬಂದಾಗ ನಾನು ಅಂಗಡಿಯಲ್ಲೇ ನೆಲಕ್ಕೆ ಕೂತು ಅತ್ತೆ. ನಾಚಿಕೆ ಬಿಟ್ಟು ಅತ್ತೆ. ಜಂಪರ್ ಒಯ್ಯಲು ಬಂದವಳು ನನ್ನನ್ನು ಸಮಾಧಾನ ಮಾಡಿ, ಜಂಪರ್ ಒಯ್ಯದೆ ಹೋದಳು.

ಒಂದೆರಡು ತಾಸು ಬಿಟ್ಟು ಮತ್ತೆ ಫೋನು. ಬಡಗಿಯ ಹತ್ತಿರ ಪೆಟ್ಟಿಗೆ ತಯಾರಾಗುತ್ತಿದೆ, ಒಳಗೆ ಹಾಸಲು ಬಿಳಿ ಅರಿವೆಯ ಗಾದಿ ನೀವೇ ಹೊಲಿಯಬೇಕು ಅಂದರು ಅಧ್ಯಕ್ಷರು. ಆಗಲೇ ಹೇಳಬೇಕಿತ್ತು ನಾನು. ಪೆಟ್ಟಿಗೆ ಬೇಡ, ಅವರು ಕೂರುತ್ತೇನೆ ಅಂದಿದ್ದಾರೆ ಎಂದು. ಆ ಬಡಪಾಯಿ ಮನುಷ್ಯ ಬಿಕ್ಕುತ್ತ ಮಾತಾಡುತ್ತಿದ್ದರು. ತಾವೇ ಓಡಾಡಿ ಕಟ್ಟಿಗೆ ಆರಿಸಿದ್ದರು. ಸರಿ ಅಂದೆ. ಬಾಯಿ ತೆರೆಯಬೇಕಾದ ಹೊತ್ತಿನಲ್ಲಿ ಹೊಲಿಗೆ ಮಿಷನ್ ತುಳಿದೆ. ಇಂಥ ಹೇಡಿ ನಾನು.

ಟೆಂಪೋದ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಹದಿನಾಲ್ಕು ಮಂದಿ ಹೊರಟೆವು. ದೇಸೂರಿನಲ್ಲಿ ಚಾಲಕ ಹಗ್ಗ ಬಿಗಿಮಾಡಲು ನಿಲ್ಲಿಸಿದ. ಒಬ್ಬ ಮುದುಕಿ ಬಂದು ಇಷ್ಟು ದೊಡ್ಡ ಕಪಾಟು ಯಾರ ಮದುವೆಗೆ ಎಂದು ವಿಚಾರಿಸಿದಳು. ಬ್ರದರ್ ಕಾಕಾ ಇದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು ಎಂದು ಯಾರೋ ಅಂದರು. ಅದಕ್ಕೆ ನಾವೇ ನಕ್ಕೆವು, ಆಮೇಲೆ ಅತ್ತೆವು. ನನ್ನ ತೊಡೆಯ ಮೇಲೆ ಬಿಳಿ ಗಾದಿ ಇತ್ತು. ಅದು ಕಲ್ಲಿನಷ್ಟು ಭಾರವಾಗಿ ಕಂಡಿತು.

ಖಾನಾಪುರದಲ್ಲಿ ಮನೆಯ ಮುಂದೆ ಜನ ನೆರೆದಿದ್ದರು. ಕಟ್ಟೆಯ ಮೇಲೆ ಬ್ರದರ್ ಕಾಕಾನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಮೈಮೇಲೆ ನಮ್ಮ ಸಭೆಯ ಬಿಳಿ ಅಂಗಿ. ಅವರ ಅಣ್ಣ, ಎಂಬತ್ತು ದಾಟಿದ ಒರಟು ರೈತ, ಹೊಲದ ಬದುವಿನಲ್ಲಿ ಕುಣಿ ತೋಡಿಸಿ ಬಂದಿದ್ದರು. ಕೂತವರಿಗೆ ತೋಡುವ ಕುಣಿ ಅದು. ಆಳು ಎತ್ತರ ಆಳ, ನಾಲ್ಕೂ ಕಡೆ ಚೌಕ, ಒಳಗೊಂದು ಗೂಡು. ನಮ್ಮ ಪೆಟ್ಟಿಗೆ ಆರೂವರೆ ಅಡಿ ಉದ್ದ. ಅದನ್ನು ಟೆಂಪೋದಿಂದ ಅಂಗಳಕ್ಕೆ ಇಳಿಸಿದೆವು.

ಅಣ್ಣನವರು ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿ, ಇದನ್ನು ನೆಟ್ಟಗೆ ನಿಲ್ಲಿಸಿದರೂ ಕುಣಿಯಲ್ಲಿ ಹಿಡಿಯುವುದಿಲ್ಲ ಅಂದರು. ಅಧ್ಯಕ್ಷರು ಕೈಮುಗಿದು, ಹದಿನಾರು ವರ್ಷ ನಮ್ಮವರಾಗಿದ್ದರು, ನಮ್ಮ ಪದ್ಧತಿಯಂತೆ ಕಳಿಸಿಕೊಡಿ ಎಂದು ಕೇಳಿಕೊಂಡರು. ಹದಿನಾರು ವರ್ಷ ನಿಮ್ಮವನು, ಎಪ್ಪತ್ತಾರು ವರ್ಷ ನನ್ನ ತಮ್ಮ ಅಂದರು ಅಣ್ಣನವರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಇಬ್ಬರ ಕಣ್ಣೂ ಒದ್ದೆಯಾಗಿತ್ತು. ದನಿ ಮಾತ್ರ ಏರುತ್ತ ಹೋಯಿತು. ನಮ್ಮ ಕಡೆಯ ಒಂದಿಬ್ಬರು, ಅವರ ಕಡೆಯ ನಾಲ್ಕೈದು ಮಂದಿ ಕೂಡಿಕೊಂಡರು. ನಡುವೆ ಬ್ರದರ್ ಕಾಕಾ ಕೂತಿದ್ದರು. ಕೋರ್ಟಿನಲ್ಲಿ ಇಂಥ ಗದ್ದಲವನ್ನು ಎಷ್ಟು ನೋಡಿದ್ದರೋ, ಇಂದು ಮೊದಲ ಸಲ ಕೂತು ನೋಡುತ್ತಿದ್ದರು.

ನಾನು ಟೆಂಪೋದ ಪಕ್ಕ ಗಾದಿ ಹಿಡಿದು ನಿಂತಿದ್ದೆ. ಗೊತ್ತಿರುವವಳು ನಾನೊಬ್ಬಳು. ಹೇಳಿದರೆ ನನ್ನ ಮಾತು ನಮ್ಮವರಿಗೇ ವಿರುದ್ಧ. ಗಾದಿ ಹೊಲಿದು ತಂದವಳೇ ಪೆಟ್ಟಿಗೆ ಬೇಡ ಅಂದಳು ಎಂದಾಗುತ್ತದೆ. ಹೇಳದಿದ್ದರೆ ಯಾರ ದನಿ ದೊಡ್ಡದೋ ಅವರು ಗೆಲ್ಲುತ್ತಾರೆ, ಬ್ರದರ್ ಕಾಕಾಗೆ ಏನು ಬೇಕಿತ್ತು ಎಂಬುದು ಯಾರಿಗೂ ಬೇಡವಾಗುತ್ತದೆ. ನೋಡಿದರೆ ನಾನು ಮತ್ತೆ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ಅಣ್ಣನವರು ಕಾಕು ಕಡೆಗೆ ತಿರುಗಿ, ಅವನಿಗೆ ಏನು ಬೇಕಿತ್ತು ನೀನೇ ಹೇಳು ಅಂದರು.

ಕಾಕು ಗಂಡನ ಪಕ್ಕದಿಂದ ಕದಲಲಿಲ್ಲ. "ನನಗೇನೂ ಹೇಳಿಲ್ಲ. ಸಾಕ್ಷಿ ಬ್ಯಾರೇದವ್ರ ಕಡೆ ಇಟ್ಟೀನಿ ಅಂದಿದ್ರು. ಕೂಗಿದ ಹೊರತು ಆಕಿ ಬರೂದಿಲ್ಲ ಅಂತನೂ ಅಂದಿದ್ರು."

ಆಮೇಲೆ ಕಾಕು, ನನ್ನ ಜೀವಮಾನದಲ್ಲಿ ದನಿ ಎತ್ತಿ ಮಾತಾಡಿದ್ದನ್ನು ನಾನು ಕಂಡಿರದ ಕಾಕು, ಸೆರಗು ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು.

"ಹಲಸಿನ ಮರದ ಸಾಕ್ಷಿದಾರ್ರು ಹಾಜರದಾರೇನ್ರೀ..."

ಅದೇ ರಾಗ. ಐವತ್ತು ವರ್ಷ ಆ ರಾಗದ ಜೊತೆ ಸಂಸಾರ ಮಾಡಿದವರು, ಎಲ್ಲಿ ಏರಿಸಬೇಕು ಎಲ್ಲಿ ಇಳಿಸಬೇಕು ಎಲ್ಲ ಗೊತ್ತಿತ್ತು. ಎರಡನೆಯ ಸಲ ಕೂಗಿದಾಗ ಜನ ಒಬ್ಬರ ಮುಖ ಒಬ್ಬರು ನೋಡಿದರು. ಮೂರನೆಯ ಸಲ ದನಿ ಒಡೆಯಿತು. ಅಷ್ಟು ಹೊತ್ತಿಗೆ ನನ್ನ ಕಾಲು ನನ್ನನ್ನು ಕೇಳದೆ ನಡೆದು ಕಟ್ಟೆಯ ಮುಂದೆ ಬಂದು ನಿಂತಿತ್ತು.

"ಹಾಜರ್ ಅದೀನಿ ರೀ," ಅಂದೆ.

ಹೇಗೆ ಹೇಳಿದೆನೋ ಗೊತ್ತಿಲ್ಲ, ಹೇಳಿದೆ. ಮಳೆಗಾಲದ ಆ ರವಿವಾರ, ಸ್ಟೂಲು, ಕಷಾಯ, ಕಾಜಾ ಯಾವುದನ್ನೂ ಬಿಡಲಿಲ್ಲ. ಅವರ ಮಾತನ್ನು ಅವರ ಮಾತಿನಲ್ಲೇ ಒಪ್ಪಿಸಿದೆ. ಮಲಗಿಸಬೇಡಿ, ಕೂಡಿಸಿ, ಹಾಡು ಪ್ರಾರ್ಥನೆ ಬ್ರಾಂಚಿನವು ಇರಲಿ ಅಂದಿದ್ದಾರೆ ಎಂದೆ. ದೊಡ್ಡ ಸಾಹೇಬನ ಮುಂದೆ ಕೂತು ಮಾತಾಡುವ ಮಾತು ಬಂದಾಗ ಅಣ್ಣನವರು ತಲೆಯ ರುಮಾಲು ತೆಗೆದು ಮುಖಕ್ಕೆ ಒತ್ತಿಕೊಂಡರು. ಮುಂಜಾನೆಯೇ ಹೇಳಬೇಕಿತ್ತು, ಹೆದರಿ ಹೇಳಲಿಲ್ಲ, ತಪ್ಪಾಯಿತು ಎಂದು ಅಧ್ಯಕ್ಷರ ಕಡೆ ತಿರುಗಿ ಕೈಮುಗಿದೆ. ಅವರು ಪೆಟ್ಟಿಗೆಯ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ, ಹೇಗೆ ಮಣ್ಣು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿ ಕಟ್ಟುಪಾಡೇನೂ ಇಲ್ಲ, ಅವರನ್ನು ಮೊದಲು ಕೂರಿಸಿದವನೇ ನಾನು, ಕೂತಿರಲಿ ಅಂದರು.

ಹೇಳಿ ಮುಗಿದರೂ ನಾನು ನಿಂತೇ ಇದ್ದೆ.

"ಆತವಾ, ಸಾಕ್ಷಿ ಮುಗೀತು," ಅಂದರು ಕಾಕು. "ಕುಂದರ ಇನ್ನ."

ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕೂತೆ.

ಪೆಟ್ಟಿಗೆ ವ್ಯರ್ಥವಾಗಲಿಲ್ಲ. ಅಣ್ಣನವರೇ ಸುತ್ತಿಗೆ ತರಿಸಿ ಹಲಗೆ ಬಿಚ್ಚಿಸಿದರು. ತಮ್ಮನನ್ನು ಗೂಡಿನಲ್ಲಿ ಕೂಡಿಸಿದ ಮೇಲೆ, ಮಣ್ಣು ಮೈಮೇಲೆ ಬೀಳದಿರಲಿ ಎಂದು ಅದರ ಬಾಯಿಗೆ ಆ ಹಲಗೆ ಹಚ್ಚಿದರು. ಒಳ್ಳೆಯ ಸಾಗವಾನಿ ಕಟ್ಟಿಗೆ ಎಂದು ಅಧ್ಯಕ್ಷರನ್ನು ಹೊಗಳಿದರು ಕೂಡ. ಅದಕ್ಕೂ ಮೊದಲು ನನ್ನ ಬಿಳಿ ಗಾದಿಯನ್ನು ನಾಲ್ಕು ಮಡಿಕೆ ಮಾಡಿ ಬ್ರದರ್ ಕಾಕಾನ ಕೆಳಗೆ ಹಾಸಿದ್ದರು. ಅವರ ಕಡೆಯವರು ಭಜನೆ ಹಾಡಿ ಮುಗಿಸಿದ ಮೇಲೆ ನಾವು ಹಾಡಿದೆವು, ಕೀಬೋರ್ಡು ಇಲ್ಲದ್ದರಿಂದ ಶ್ರುತಿ ನಾನಾ ಕಡೆ ಹೋಯಿತು. ಮನೆಗೆ ಮರಳಿದಾಗ ಕಾಕುನ ಓಣಿಯ ಹೆಂಗಸರು ದೊಡ್ಡ ಪಾತೇಲಿಯಲ್ಲಿ ಕಷಾಯ ಕುದಿಸಿ ಇಟ್ಟಿದ್ದರು. ಎಲ್ಲರೂ ಕುಡಿದೆವು, ಅಣ್ಣನವರು ಎರಡು ಲೋಟ ಕುಡಿದರು.

ಮುಂದಿನ ತಿಂಗಳ ಮೊದಲ ರವಿವಾರ ಬ್ರಾಂಚಿನಲ್ಲಿ ಮೂಲೆಯ ಕುರ್ಚಿ ಖಾಲಿ ಇತ್ತು. ಯಾರಿಗೂ ಅಲ್ಲಿ ಕೂರುವ ಮನಸ್ಸಾಗಿರಲಿಲ್ಲ. ರೊಟ್ಟಿ ನೀರಿನ ಪ್ರಸಾದ ಮುಗಿಯಿತು, ಇನ್ನು ಸಾಕ್ಷಿ ಹೇಳಬಹುದು ಎಂದು ಹೇಳಿ ಅಧ್ಯಕ್ಷರು ಕೂತರು. ಯಾರೂ ಏಳಲಿಲ್ಲ. ಎಲ್ಲರೂ ಏನಕ್ಕೆ ಕಾಯುತ್ತಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನೂ ಅದಕ್ಕೇ ಕಾಯುತ್ತಿದ್ದೆ.

ನಾನು ಗಂಟಲು ಸರಿಮಾಡಿಕೊಂಡೆ. ಏಳೆಂಟು ಮಂದಿ ಬೆಚ್ಚಿ ಹಿಂದಿನ ಮೂಲೆಯ ಕುರ್ಚಿ ನೋಡಿದರು. ಅವರು ಮುಂದಕ್ಕೆ ತಿರುಗುವಷ್ಟರಲ್ಲಿ, ಯಾರೂ ಕೂಗದೆ, ನಾನು ಎದ್ದು ನಿಂತಿದ್ದೆ.